ಮರದ ನಿಜವಾದ ಎತ್ತರ: ನೆಲದಿಂದ ಅಳತೆ, ಹಗ್ಗದಲ್ಲಿ ಏರಿಕೆ, ತುದಿಯಿಂದ ಟೇಪು

ಮರದ ಎತ್ತರದ ವಿಷಯದಲ್ಲಿ ಬಾಯಿಮಾತಿನ ಲೆಕ್ಕವೇ ಹೆಚ್ಚು. ಒಬ್ಬರು "ನೂರೈವತ್ತು ಅಡಿ ಇರಬಹುದು" ಅಂದರೆ ಇನ್ನೊಬ್ಬರು ಅದನ್ನೇ ಬೋರ್ಡಿನ ಮೇಲೆ ಬರೆಸಿಬಿಡುತ್ತಾರೆ. ಉಪಕರಣ ಹಿಡಿದು ಅಳೆದವರೂ ಎಷ್ಟೋ ಸಲ ಇಷ್ಟೇ ದೊಡ್ಡ ತಪ್ಪು ಮಾಡುತ್ತಾರೆ. ಅವರ ಉಪಕರಣ ಸರಿಯಾಗಿಯೇ ಇರುತ್ತದೆ, ಲೆಕ್ಕ ಹಿಡಿದ ದಾರಿ ಮಾತ್ರ ತಪ್ಪಿರುತ್ತದೆ. ಮರ ಅಳೆಯುವ ಹವ್ಯಾಸಕ್ಕೆ ಇಳಿಯುವವರು ಮೊದಲು ಇದನ್ನು ತಿಳಿದುಕೊಳ್ಳಬೇಕು.

ಶಾಲೆಯಲ್ಲಿ ಕಲಿತದ್ದು ಟ್ಯಾಂಜೆಂಟ್ ವಿಧಾನ. ಬುಡದಿಂದ ಇಂತಿಷ್ಟು ದೂರ ನಿಂತು, ತುದಿಯ ಕೋನ ನೋಡಿ, ದೂರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸುವುದು. ಧ್ವಜಸ್ತಂಭಕ್ಕೆ ಇದು ಸರಿ, ಯಾಕೆಂದರೆ ಅದರ ತುದಿ ಬುಡದ ನೇರ ಮೇಲಿರುತ್ತದೆ. ಮರಕ್ಕೆ ಹಾಗಿಲ್ಲ. ಹರಡಿಕೊಂಡ ಮರದಲ್ಲಿ ನಿಮ್ಮ ಕಣ್ಣಿಗೆ ತುದಿ ಎಂದು ಕಾಣುವುದು ಬಹಳ ಸಲ ನಿಮ್ಮ ಕಡೆಗೆ ಚಾಚಿದ ಒಂದು ಕೊಂಬೆ.

ಲೆಕ್ಕ ಹಾಕಿ ನೋಡೋಣ. ಕಾಂಡದಿಂದ 40 ಮೀಟರ್ ದೂರದಲ್ಲಿ ನಿಂತಿದ್ದೀರಿ. ತುದಿಯ ಕೋನ 45 ಡಿಗ್ರಿ, ಬುಡದ ಕೋನ ಕಣ್ಣಿನ ಮಟ್ಟಕ್ಕಿಂತ 2.2 ಡಿಗ್ರಿ ಕೆಳಗೆ. ಟ್ಯಾಂಜೆಂಟ್ ಲೆಕ್ಕದಲ್ಲಿ ಮೇಲಿನ ಭಾಗ 40 ಮೀಟರ್, ಕೆಳಗಿನ ಭಾಗ 1.5 ಮೀಟರ್, ಒಟ್ಟು 41.5. ಆದರೆ ನೀವು ನೋಡಿದ ಆ ತುದಿ ಕಾಂಡಕ್ಕಿಂತ 6 ಮೀಟರ್ ನಿಮ್ಮ ಕಡೆಗೇ ಇದೆ ಎಂದಿಟ್ಟುಕೊಳ್ಳಿ. ಆಗ ಅದರ ನೆಲದೂರ 34 ಮೀಟರ್ ಮಾತ್ರ, ಹಾಗಾಗಿ ಅದರ ನಿಜವಾದ ಎತ್ತರ 35.5. ಒಂದೇ ಅಳತೆಯಲ್ಲಿ 6 ಮೀಟರ್, ಅಂದರೆ ಸುಮಾರು ಇಪ್ಪತ್ತು ಅಡಿ ಗಾಳಿಯಲ್ಲಿ ಹುಟ್ಟಿತು. ಕೋನ ಓದುವುದರಲ್ಲಾಗಲಿ ದೂರ ಅಳೆಯುವುದರಲ್ಲಾಗಲಿ ತಪ್ಪೇನೂ ಆಗಿಲ್ಲ ನೋಡಿ.

ಇದಕ್ಕೆ ಪರಿಹಾರ ಸೈನ್ ವಿಧಾನ. ಅಮೆರಿಕದ ಹವ್ಯಾಸಿ ಮರ ಅಳತೆಗಾರರು ಇದನ್ನು ಪಟ್ಟುಹಿಡಿದು ಬಳಕೆಗೆ ತಂದರು. ಲೇಸರ್ ರೇಂಜ್‌ಫೈಂಡರ್ (ಲೇಸರ್ ಬಿಟ್ಟು ದೂರ ಅಳೆಯುವ ಉಪಕರಣ) ಕೈಗೆಟುಕುವ ಬೆಲೆಗೆ ಬಂದ ಮೇಲೆ ಅದು ಸಾಧ್ಯವಾಯಿತು. ಇದರಲ್ಲಿ ಕಾಂಡದ ದೂರ ಬೇಕಿಲ್ಲ. ಕಣ್ಣಿನಿಂದ ತುದಿಗೇ ಲೇಸರ್ ಬಿಟ್ಟು ಓರೆದೂರ ತೆಗೆದುಕೊಳ್ಳಿ, ಅದನ್ನು ಕೋನದ ಸೈನ್‌ನಿಂದ ಗುಣಿಸಿ. ಬುಡಕ್ಕೂ ಹಾಗೇ ಮಾಡಿ, ಎರಡನ್ನೂ ಕೂಡಿಸಿ. ಮೇಲಿನ ಮರದಲ್ಲಿ ತುದಿಗೆ ಓರೆದೂರ 48.1 ಮೀಟರ್ ಬರುತ್ತದೆ. 45 ಡಿಗ್ರಿಯ ಸೈನ್ 0.707, ಗುಣಿಸಿದರೆ 34. ಬುಡದ 1.5 ಸೇರಿಸಿದರೆ 35.5. ಕೊಂಬೆ ಎತ್ತ ಚಾಚಿದ್ದರೂ ಲೆಕ್ಕ ಕೆಡುವುದಿಲ್ಲ. ಮಲೆನಾಡಿನ ಇಳಿಜಾರಿನಲ್ಲಿ ಮರದ ಬುಡವೇ ನಿಮ್ಮ ಕಣ್ಣಿಗಿಂತ ಮೇಲಿದ್ದರೆ ಕೂಡಿಸುವ ಬದಲು ಕಳೆಯಬೇಕು. ಇದನ್ನು ಮರೆತು ಕೂಡಿಸಿದ ಅಳತೆಗಳು ಬೇಕಾದಷ್ಟು ಓಡಾಡುತ್ತಿವೆ.

ಸೈನ್ ವಿಧಾನದ ದೊಡ್ಡ ಗುಣ ಬೇರೆಯೇ ಇದೆ. ಉಪಕರಣ ಸರಿಯಿದ್ದರೆ ಇದರಲ್ಲಿ ಎತ್ತರ ಉಬ್ಬುವುದಿಲ್ಲ. ತುದಿ ಬಿಟ್ಟು ಬೇರೆ ಎಲೆಗೆ ಲೇಸರ್ ತಾಗಿದರೆ ಆ ಎಲೆಯ ಎತ್ತರವೇ ಬರುತ್ತದೆ, ಅದು ನಿಜವಾದ ಎತ್ತರಕ್ಕಿಂತ ಕಡಿಮೆ. ಹಾಗಾಗಿ ಬೇರೆ ಬೇರೆ ಜಾಗಗಳಿಂದ, ಬೇರೆ ಬೇರೆ ರೆಂಬೆಗಳಿಗೆ ಅಳೆದು, ಮತ್ತೆ ಮತ್ತೆ ಬರುವ ಅತಿ ದೊಡ್ಡ ಸಂಖ್ಯೆಯನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಟ್ಯಾಂಜೆಂಟಿನಲ್ಲಿ ಅತಿ ದೊಡ್ಡ ಸಂಖ್ಯೆಯೇ ಅತಿ ದೊಡ್ಡ ತಪ್ಪಾಗಿರುವ ಸಂಭವ ಹೆಚ್ಚು.

ಉಪಕರಣದ ಬಗ್ಗೆ. ಕೋನವನ್ನೂ ತಾನೇ ಓದುವ ಲೇಸರ್‌ಗಳು ಸಿಗುತ್ತವೆ, ನಿಕಾನ್ ಫಾರೆಸ್ಟ್ರಿ ಪ್ರೋ ಬಹಳ ಜನ ಬಳಸುವಂಥದ್ದು. ಅದರಲ್ಲಿ ಎರಡು ಬಿಂದುವಿನ ಎತ್ತರ, ಮೂರು ಬಿಂದುವಿನ ಎತ್ತರ ಎಂಬ ಆಯ್ಕೆಗಳಿವೆ. ಮೂರು ಬಿಂದು ಅಂದಕೂಡಲೇ ಇನ್ನೂ ನಿಖರ ಅನ್ನಿಸುತ್ತದೆ, ಆದರೆ ಅದು ಕಾಂಡದ ಒಂದೇ ದೂರ ಹಿಡಿದು ಮಾಡುವ ಟ್ಯಾಂಜೆಂಟ್ ಲೆಕ್ಕ. ಎರಡು ಬಿಂದುವಿನದ್ದೇ ತುದಿ ಮತ್ತು ಬುಡ ಎರಡಕ್ಕೂ ಲೇಸರ್ ಬಿಟ್ಟು ಮಾಡುವ ಸೈನ್ ಲೆಕ್ಕ, ನಮಗೆ ಬೇಕಾದ್ದು ಅದು. ಕಾಡಿನೊಳಗೆ 'ದೂರದ ಗುರಿ' ಸೆಟ್ಟಿಂಗ್ ಹಾಕಿಕೊಳ್ಳಿ, ಇಲ್ಲದಿದ್ದರೆ ಎದುರಿನ ಪೊದೆಯ ಎಲೆಗೇ ಲೇಸರ್ ಬಡಿದು ವಾಪಸ್ ಬರುತ್ತದೆ. ಮೊಬೈಲಿನ ಕೋನಮಾಪಕ ಆ್ಯಪ್ ಕಲಿಯುವುದಕ್ಕೆ ಸಾಕು. ಆದರೆ ಮೇಲಿನ ಉದಾಹರಣೆಯಲ್ಲಿ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೂ ಟ್ಯಾಂಜೆಂಟ್ ಲೆಕ್ಕ 1.4 ಮೀಟರ್ ಆಚೀಚೆ ಆಗುತ್ತದೆ, ಸೈನ್ ಲೆಕ್ಕ 0.6 ಮೀಟರ್.

ದುಡ್ಡು ಖರ್ಚಿಲ್ಲದೆ ಅಂದಾಜು ಬೇಕೆಂದರೆ ಕೋಲಿನ ಉಪಾಯ ಇದೆ. ಕೈಯನ್ನು ಮುಂದಕ್ಕೆ ನೇರ ಚಾಚಿ, ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ಉಳಿಯುವಂತೆ ನೆಟ್ಟಗೆ ಹಿಡಿಯಿರಿ. ಕೋಲಿನ ತುದಿಗೆ ಮರದ ತುದಿ, ಮುಷ್ಟಿಗೆ ಮರದ ಬುಡ ಕೂಡುವವರೆಗೆ ಹಿಂದೆ ಸರಿಯಿರಿ. ಈಗ ನಿಮಗೂ ಮರಕ್ಕೂ ಇರುವ ದೂರವೇ ಮರದ ಎತ್ತರ. ಸಮತಟ್ಟಾದ ನೆಲದಲ್ಲಿ, ನೆಟ್ಟಗೆ ಬೆಳೆದ ಸಿಲ್ವರ್ ಓಕ್‌ನಂಥ ಮರಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹರಡಿಕೊಂಡ ಮಳೆಮರಕ್ಕೋ ಆಲಕ್ಕೋ ಇದನ್ನು ನಂಬಬೇಡಿ.

ಎತ್ತರದ ಜೊತೆ ಸುತ್ತಳತೆಯನ್ನೂ ತೆಗೆದುಕೊಳ್ಳಿ. ಭಾರತದಲ್ಲಿ ಎದೆಮಟ್ಟ ಎಂದರೆ ನೆಲದಿಂದ 1.37 ಮೀಟರ್, ಇಳಿಜಾರಿದ್ದರೆ ಮೇಲ್ಗಡೆಯ ನೆಲದಿಂದ. ಬಳ್ಳಿ ಇದ್ದರೆ ಕೀಳಬೇಡಿ, ಅದರ ಅಡಿಯಲ್ಲಿ ಟೇಪು ತೂರಿಸಿ. ಮರ ವಾಲಿದ್ದರೆ ಟೇಪು ಕಾಂಡಕ್ಕೆ ಅಡ್ಡಲಾಗಿರಬೇಕು, ನೆಲಕ್ಕೆ ಸಮಾನಾಂತರವಾಗಿ ಅಲ್ಲ. ಹಲಗೆಬೇರುಗಳಿರುವ ಮರದಲ್ಲಿ ಬೇರು ಮುಗಿದು ಕಾಂಡ ದುಂಡಗಾಗುವ ಜಾಗದಲ್ಲಿ ಅಳೆದು, ಆ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಪಕ್ಕದಲ್ಲಿ ಬರೆದಿಡಿ.

ಇಷ್ಟೆಲ್ಲ ನೆಲದ ಮೇಲೆ ನಿಂತೇ ಮಾಡುವ ಕೆಲಸ. ಹಾಗಿದ್ದರೆ ಹತ್ತುವುದೇಕೆ? ದಟ್ಟ ಕಾಡಿನಲ್ಲಿ ತುದಿ ನೆಲದಿಂದ ಕಾಣುವುದೇ ಇಲ್ಲ. ಕಂಡರೂ ಲೇಸರ್ ಅಳತೆ ಹತ್ತಿಪ್ಪತ್ತು ಸೆಂಟಿಮೀಟರ್ ಆಚೀಚೆ ಇದ್ದೇ ಇರುತ್ತದೆ. ದಾಖಲೆಯ ಪ್ರಶ್ನೆ ಬಂದಾಗ ಕೊನೆಯ ಮಾತು ತುದಿಯಿಂದ ಇಳಿಬಿಟ್ಟ ಟೇಪಿನದ್ದೇ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನದಲ್ಲಿರುವ ಹೈಪೀರಿಯನ್ ಮರವನ್ನು 2006ರ ಆಗಸ್ಟ್‌ನಲ್ಲಿ ಗುರುತಿಸಿದವರು ಕ್ರಿಸ್ ಆಟ್ಕಿನ್ಸ್ ಮತ್ತು ಮೈಕಲ್ ಟೇಲರ್ ಎಂಬ ಇಬ್ಬರು ಹವ್ಯಾಸಿಗಳು. ಅದು ಜಗತ್ತಿನ ಅತಿ ಎತ್ತರದ ಮರ ಎಂದು ಖಚಿತವಾದದ್ದು ಸಸ್ಯವಿಜ್ಞಾನಿ ಸ್ಟೀವ್ ಸಿಲೆಟ್ ಹತ್ತಿ, ತುದಿಯಿಂದ ಟೇಪು ಬಿಟ್ಟು 115.55 ಮೀಟರ್ ಎಂದು ಓದಿದ ಮೇಲೆ. ಮಲೇಷ್ಯಾದ ಸಬಾದಲ್ಲಿರುವ 'ಮೆನಾರಾ' ಎಂಬ ಹಳದಿ ಮೆರಾಂಟಿ ಮರವನ್ನು ಪತ್ತೆ ಮಾಡಿದ್ದು ವಿಮಾನದಿಂದ ಬಿಟ್ಟ ಲೇಸರ್. ಆದರೂ 2019ರ ಜನವರಿಯಲ್ಲಿ ಉಂಡಿಂಗ್ ಜಾಮಿ ಹತ್ತಿ ಟೇಪು ಬಿಟ್ಟ ಮೇಲೆಯೇ 100.8 ಮೀಟರ್ ಎಂಬ ಅಂಕಿ ನಿಂತಿತು.

ಹೈಪೀರಿಯನ್ ನೋಡಲು ಜನ ದಾರಿಯಿಲ್ಲದ ಕಡೆ ನುಗ್ಗಿ, ಬುಡದ ಸುತ್ತ ಮಣ್ಣು ತುಳಿದು ಗಟ್ಟಿಮಾಡಿದರು, ಜರೀಗಿಡಗಳು ನಾಶವಾದವು. 2022ರಲ್ಲಿ ಆ ಜಾಗವನ್ನೇ ಮುಚ್ಚಿ, ಒಳಹೊಕ್ಕವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಎಂದು ಉದ್ಯಾನದವರು ಎಚ್ಚರಿಸಬೇಕಾಯಿತು. ದೊಡ್ಡ ಮರ ಸಿಕ್ಕರೆ ಅಳತೆ ಪ್ರಕಟಿಸಿ, ಮ್ಯಾಪಿನ ಬಿಂದು ಬೇಡ. ನನ್ನ ಮಟ್ಟಿಗೆ ಇದು ಈ ಹವ್ಯಾಸದಲ್ಲಿ ಮೀರಬಾರದ ನಿಯಮ.

ಹಗ್ಗ ಹಿಡಿದು ಮರ ಹತ್ತುವುದು ಹವ್ಯಾಸವಾಗಿ ಬೆಳೆದದ್ದು ಅಮೆರಿಕದ ಅಟ್ಲಾಂಟಾದಲ್ಲಿ 1983ರಲ್ಲಿ ಪೀಟರ್ ಜೆಂಕಿನ್ಸ್ ಆರಂಭಿಸಿದ ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್ ಮೂಲಕ. ನಮ್ಮಲ್ಲಿ ಪಶ್ಚಿಮ ಘಟ್ಟದ ತೆಂಕಣ ತುದಿಯ ಕಳಕ್ಕಾಡು ಮುಂಡಂತುರೈ ಕಾಡಿನಲ್ಲಿ ಸಂಶೋಧಕರು ಮರದ ನೆತ್ತಿಯನ್ನು ಹಗ್ಗದ ಮೇಲಿಂದಲೇ ಅಧ್ಯಯನ ಮಾಡಿದ್ದಾರೆ. 2009ರ ಅಂತರರಾಷ್ಟ್ರೀಯ ಕಾಡಿನ ನೆತ್ತಿ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಅಡಿಕೆ ತೋಟದ ಕೊನೆಗೌಡರು ಕಾಲಿಗೆ ತಳೆ ಹಾಕಿ ಹತ್ತುವ ಕೌಶಲ ಬೆರಗಿನದ್ದೇ. ಆದರೆ ಅದು ಕಾಲಿಗೂ ಕೈಗೂ ಸಿಗುವ ತೆಳು ಕಾಂಡಕ್ಕೆ. ಎರಡು ಮೂರು ಮೀಟರ್ ಸುತ್ತಳತೆಯ, ಇಪ್ಪತ್ತು ಮೀಟರ್‌ವರೆಗೆ ಒಂದು ಕೊಂಬೆಯೂ ಇಲ್ಲದ ಸಾಲುಧೂಪಕ್ಕೆ ಹಗ್ಗವೇ ಬೇಕು. ಕಾಂಡಕ್ಕೆ ಚುಚ್ಚಿ ಹತ್ತುವ ಕಬ್ಬಿಣದ ಮುಳ್ಳುಪಟ್ಟಿ ಮರ ಕಡಿಯುವವರ ಉಪಕರಣ. ಬದುಕಿರುವ ಮರಕ್ಕೆ ಅದು ಮಾಡುವ ಒಂದೊಂದು ತೂತೂ ಶಿಲೀಂಧ್ರಕ್ಕೆ ಬಾಗಿಲು, ಹವ್ಯಾಸಿಗಳು ಅದನ್ನು ಮುಟ್ಟಬಾರದು.

ಮರ ಆರಿಸುವಾಗ ಮೊದಲು ಅನುಮತಿ. ಮೀಸಲು ಅರಣ್ಯ, ಅಭಯಾರಣ್ಯ ಎಂದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ, ತೋಟವಾದರೆ ಮಾಲೀಕರದ್ದು, ಪಾರ್ಕು ಮತ್ತು ರಸ್ತೆಬದಿಯಾದರೆ ಸ್ಥಳೀಯ ಆಡಳಿತದ್ದು. ವಿದ್ಯುತ್ ತಂತಿ ಮೂರು ಮೀಟರ್ ಒಳಗೆ ಹಾದಿದ್ದರೆ ಆ ಮರ ಬಿಟ್ಟುಬಿಡಿ. ಆಮೇಲೆ ಬೈನಾಕ್ಯುಲರ್ ಹಿಡಿದು ಮರದ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ. ಬುಡದಲ್ಲಿ ಅಣಬೆ, ಕಾಂಡದಲ್ಲಿ ಉದ್ದ ಸೀಳು, ನೆತ್ತಿಯಲ್ಲಿ ಒಣಗಿ ತೂಗುವ ಕೊಂಬೆ ಕಂಡರೆ ಬೇಡ. ಹುಣಸೆ ಕಲಿಯುವವರಿಗೆ ಒಳ್ಳೆಯ ಮರ, ಕೊಂಬೆ ಗಟ್ಟಿ. ನೇರಳೆ, ಸಿಲ್ವರ್ ಓಕ್, ನೀಲಗಿರಿ ಕೊಂಬೆಗಳು ಮುನ್ಸೂಚನೆ ಇಲ್ಲದೆ ಮುರಿಯುತ್ತವೆ. ಬೂರುಗದ ಮರ ಮೆದು, ಜೊತೆಗೆ ಮುಳ್ಳು.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಅಪಾಯ ಹೆಜ್ಜೇನು. ಎತ್ತರದ ಮರದ ಅಡ್ಡಕೊಂಬೆಗಳ ತಳಭಾಗವನ್ನು ಒಂದೊಂದಾಗಿ ನೋಡಿ. ಹುಟ್ಟು ಇದ್ದರೆ, ಹಳೆಯ ಖಾಲಿ ಹುಟ್ಟಿದ್ದರೂ, ಆ ಮರ ಬೇಡ. ಹಗ್ಗದ ಮೇಲಿರುವವರು ಓಡಲಾರರು. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯಿಂದ ಜೀವಕ್ಕೆ ಅಪಾಯವಿಲ್ಲ, ಆದರೆ ಗಂಟು ಹಾಕುತ್ತಿರುವ ಕೈಗೆ ಕಚ್ಚಿದರೆ ಗಮನ ತಪ್ಪುತ್ತದೆ. ಬೇಸಿಗೆಯಲ್ಲಿ ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ಮುಚ್ಚಿಕೊಂಡು ಕೂತಿರುತ್ತದೆ, ಗಂಡು ತುತ್ತು ತರುವ ಮರದ ಹತ್ತಿರ ಸುಳಿಯಲೂಬಾರದು. ಮಳೆಗಾಲದಲ್ಲಿ ಹತ್ತುವ ಮಾತೇ ಇಲ್ಲ. ಪಾಚಿ ಹಿಡಿದ ತೊಗಟೆ ಜಾರುತ್ತದೆ, ನೀರು ಕುಡಿದ ಕೊಂಬೆ ಭಾರವಾಗಿರುತ್ತದೆ.

ಹಗ್ಗ ಏರಿಸುವುದು ಮೂರು ಹಂತದ ಕೆಲಸ. ಮೊದಲು 225ರಿಂದ 450 ಗ್ರಾಂ ತೂಕದ ಎಸೆಚೀಲ ಕಟ್ಟಿದ ಸುಮಾರು 2 ಮಿಲಿಮೀಟರ್ ದಾರ, ಆ ದಾರದಿಂದ ಮುಖ್ಯ ಹಗ್ಗ, ಹಗ್ಗ ಏರಿದ ಮೇಲೆ ನೀವು. ಕೈಯಿಂದ ಎಸೆದರೆ 10-15 ಮೀಟರ್ ಮುಟ್ಟುತ್ತದೆ, ಅದರಾಚೆಗೆ ಉದ್ದ ಕೋಲಿನ ತುದಿಗೆ ಕಟ್ಟಿದ ದೊಡ್ಡ ಕವಣೆ ಬೇಕು. ರೆಡ್‌ವುಡ್ ಮರಗಳಿಗೆ ಸಂಶೋಧಕರು ಮೀನುದಾರ ಕಟ್ಟಿದ ಬಾಣವನ್ನೇ ಬಿಡುತ್ತಾರೆ. ದಾರವನ್ನು ಟಾರ್ಪಾಲಿನ ಮೇಲೆ ಸಡಿಲವಾಗಿ ಸುರಿದುಕೊಳ್ಳಿ, ಹುಲ್ಲಿನ ಮೇಲಿದ್ದರೆ ಒಂದು ಕಡ್ಡಿ ಸಿಕ್ಕಿಕೊಂಡರೂ ಚೀಲ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಚೀಲ ಕವಲಿನಲ್ಲಿ ಸಿಕ್ಕಿಕೊಂಡರೆ ಜಗ್ಗಬೇಡಿ. ಬಿಗಿದ ದಾರ ಸಡಿಲಾದ ಕ್ಷಣ ಆ ಚೀಲ ಮುಖಕ್ಕೇ ಬರುತ್ತದೆ. ಪಕ್ಕಕ್ಕೆ ಸರಿದು, ದಾರದ ಇನ್ನೊಂದು ತುದಿಯಿಂದ ಸಣ್ಣಗೆ ಅಲ್ಲಾಡಿಸಿ ಬಿಡಿಸಿ. ಎರಡು ಮೂರು ಕೊಂಬೆಗಳ ಮೇಲೆ ಬಿದ್ದಿದ್ದರೆ ಚೀಲವನ್ನು ಹಿಂದಕ್ಕೆ ಎಳೆದು ತೂಗಾಡಿಸಿ, ಬೇಕಾದ ಒಂದೇ ಕವಲಿನಲ್ಲಿ ಇಳಿಯುವಂತೆ ಮಾಡಬೇಕು. ಇದಕ್ಕೆ ಒಂದೊಂದು ಸಲ ಹತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರ ಮಾಡಬಾರದ ಹೊತ್ತೂ ಇದೇ.

ಆ ಕವಲು ಹೇಗಿರಬೇಕು? ಹಸಿ ಕೊಂಬೆ, ದಪ್ಪ ಕನಿಷ್ಠ 10 ಸೆಂಟಿಮೀಟರ್, 15 ಇದ್ದರೆ ನೆಮ್ಮದಿ. ಹಗ್ಗ ಕಾಂಡಕ್ಕೆ ತಾಗಿಕೊಂಡೇ ಕೂರಬೇಕು, ಕೊಂಬೆಯ ನಡುವೆ ಅಲ್ಲ. ಅಗಲವಾಗಿ ಬಾಗಿ ಕೂಡಿದ ಕವಲು ಗಟ್ಟಿ. ಕತ್ತರಿಯಂತೆ ಕಿರಿದಾಗಿ ಕೂಡಿದ್ದು, ನಡುವೆ ತೊಗಟೆ ಒಳಮಡಚಿಕೊಂಡಿದ್ದರೆ, ಒಳಗೆ ಮರವೇ ಬೆಸೆದಿರುವುದಿಲ್ಲ, ಭಾರ ಬಿದ್ದಾಗ ಸೀಳುತ್ತದೆ.

ಹಗ್ಗ ಕಟ್ಟುವ ಕ್ರಮ ಎರಡು. ಒಂದರಲ್ಲಿ ಹಗ್ಗ ಕವಲಿನ ಮೇಲೆ ಜಾರುತ್ತಿರುತ್ತದೆ, ಒಂದು ತುದಿ ನಿಮ್ಮ ಸೊಂಟದ ಪಟ್ಟಿಗೆ (ಹಾರ್ನೆಸ್), ಇನ್ನೊಂದು ಎಳೆಯ ಮೇಲೆ ನಿಮ್ಮ ಜಾರುಗಂಟು, ಅಂದರೆ ಕೈಯಿಂದ ಸರಿಸಿದರೆ ಜಾರುವ, ಭಾರ ಬಿದ್ದರೆ ಬಿಗಿಯುವ ಗಂಟು. 1 ಮೀಟರ್ ಏರಲು 2 ಮೀಟರ್ ಹಗ್ಗ ಎಳೆಯಬೇಕು, ಕವಲಿನ ಮೇಲೆ ಬೀಳುವುದು ನಿಮ್ಮ ಭಾರವಷ್ಟೇ. ಹಗ್ಗ ಉಜ್ಜಿ ತೊಗಟೆ ಕಿತ್ತುಹೋಗದಂತೆ ಕವಲಿನಲ್ಲಿ ಬಳೆ ಹಾಕಿದ ಪಟ್ಟಿಯನ್ನೋ ಚರ್ಮದ ತೋಳನ್ನೋ ಇಡಲೇಬೇಕು. ಹದಿನೈದಿಪ್ಪತ್ತು ಮೀಟರ್ ಮರಗಳಿಗೆ, ಕಲಿಯುವವರಿಗೆ ಇದೇ ಒಳ್ಳೆಯದು.

ಇನ್ನೊಂದರಲ್ಲಿ ಹಗ್ಗ ಅಲ್ಲಾಡದೆ ನಿಂತಿರುತ್ತದೆ, ಎದೆಯ ಮೇಲೊಂದು, ಕೈಯಲ್ಲೊಂದು ಹಲ್ಲಿನ ಅಸೆಂಡರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿದು, ಕೆಳಕ್ಕೆ ಜಾರದೆ ಕಚ್ಚಿಕೊಳ್ಳುವ ಸಾಧನ) ಹಾಕಿ, ಕಾಲುಕುಣಿಕೆಯಲ್ಲಿ ನಿಂತು ಏರುವುದು. ಎತ್ತರದ ಮರಗಳಿಗೆ ಇದೇ ದಾರಿ. ಇಲ್ಲಿ ಬಹಳ ಜನ ಗಮನಿಸದ ಒಂದು ಲೆಕ್ಕ ಇದೆ. ಹಗ್ಗ ಕವಲಿನ ಮೇಲೆ ಹಾದು ಬುಡಕ್ಕೆ ಕಟ್ಟಿದ್ದರೆ ಎರಡೂ ಎಳೆಗಳು ಕವಲನ್ನು ಕೆಳಕ್ಕೆ ಜಗ್ಗುತ್ತವೆ. ಉಪಕರಣ ಸೇರಿ ನಿಮ್ಮ ತೂಕ 78 ಕಿಲೋ ಆದರೆ ಕವಲಿನ ಮೇಲೆ ಬೀಳುವುದು ಹತ್ತಿರ ಹತ್ತಿರ 156. ಹಗ್ಗವನ್ನು ಕವಲಿಗೇ ಉರುಳುಗಂಟಿನಲ್ಲಿ ಬಿಗಿದರೆ 78 ಅಷ್ಟೇ. ಹಾಗಿದ್ದರೂ ಬುಡಕ್ಕೆ ಕಟ್ಟುವುದರಲ್ಲಿ ಒಂದು ಲಾಭ: ಮೇಲಿದ್ದವರು ನಿಶ್ಚೇಷ್ಟಿತರಾದರೆ ನೆಲದಲ್ಲಿರುವವರು ಹಗ್ಗ ಸಡಿಲಿಸಿ ಇಳಿಸಬಹುದು. ಅದಕ್ಕೆ ಹಗ್ಗ ಉದ್ದ ಬೇಕು. 30 ಮೀಟರ್ ಎತ್ತರದ ಕವಲಾದರೆ ಏರಿಳಿಯುವ ಎರಡು ಎಳೆಗೆ 60, ಇಳಿಸಲು ಇನ್ನೊಂದು 30.

ಯಾವ ಕ್ರಮವಾದರೂ ಹತ್ತುವ ಮುಂಚೆ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತು, ಮೆಲ್ಲಗೆ ಕುಪ್ಪಳಿಸಿ ಪರೀಕ್ಷೆ ಮಾಡಿ. ಹಗ್ಗ 11-13 ಮಿಲಿಮೀಟರಿನದ್ದು, ಕನಿಷ್ಠ 22 ಕಿಲೋನ್ಯೂಟನ್ (ಸುಮಾರು 2,200 ಕಿಲೋ ಭಾರದಷ್ಟು) ಬಲ ತಡೆಯುವಂಥದ್ದು ಇರಲಿ. ಅಂಗಡಿಯ ನೈಲಾನ್ ಹಗ್ಗ, ಬಾವಿಹಗ್ಗ ಯಾವ ಕಾರಣಕ್ಕೂ ಬೇಡ. ಕ್ಯಾರಬೀನರ್ (ಹಗ್ಗವನ್ನೂ ಪಟ್ಟಿಯನ್ನೂ ಜೋಡಿಸುವ ಲೋಹದ ಕೊಂಡಿ) ತಾನೇ ಬೀಗ ಹಾಕಿಕೊಳ್ಳುವಂಥದ್ದಿರಲಿ. ಉದ್ದುದ್ದ ಭಾರ ಬಿದ್ದಾಗ ತಡೆಯುವ ಬಲದ ಮೂರನೇ ಒಂದು ಭಾಗವನ್ನಷ್ಟೇ ಅದು ಅಡ್ಡ ಬಿದ್ದಾಗ ತಡೆಯುತ್ತದೆ. ಹಲ್ಲಿನ ಅಸೆಂಡರ್ ಮೇಲೆ ಹಗ್ಗ ಸಡಿಲ ಬಿಟ್ಟು ಬಿದ್ದರೆ ಆ ಹಲ್ಲುಗಳೇ ಹಗ್ಗದ ಹೊರಕವಚ ಹರಿಯುತ್ತವೆ, ಹಾಗಾಗಿ ಹಗ್ಗ ಸದಾ ಬಿಗಿಯಾಗಿರಬೇಕು.

ಮೊದಲ ಕ್ರಮದ ಜಾರುಗಂಟು ಬ್ಲೇಕ್ಸ್ ಹಿಚ್. ಸೊಂಟದ ಪಟ್ಟಿಗೆ ಕಟ್ಟಿದ ಮೇಲೆ ಉಳಿದ ಹಗ್ಗದ ಬಾಲವನ್ನು, ಕವಲಿನಿಂದ ಇಳಿದುಬಂದ ಇನ್ನೊಂದು ಎಳೆಗೆ (ನಿಂತ ಹಗ್ಗಕ್ಕೆ) ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಸುತ್ತಿ. ಬಾಲವನ್ನು ಕೆಳಕ್ಕೆ ತಂದು, ಸೊಂಟದಿಂದ ಬರುವ ಎಳೆಯ ಮುಂದಿನಿಂದ ದಾಟಿಸಿ, ನಿಂತ ಹಗ್ಗದ ಹಿಂದಿನಿಂದ ಕೆಳಗಿನ ಎರಡು ಸುತ್ತುಗಳೊಳಗೆ ತೂರಿಸಿ ಹೊರಗೆಳೆಯಿರಿ. ಕೊನೆಗೆ ಬಾಲಕ್ಕೆ ತಡೆಗಂಟು. ಸೊಂಟದ ಎಳೆಯನ್ನು ಬಾಲ ಒಳಗೆ ಸೇರಿಸಿಕೊಳ್ಳದಿದ್ದರೆ ಗಂಟು ನೋಡಲು ಹಾಗೇ ಕಾಣುತ್ತದೆ, ಭಾರ ಬಿದ್ದಾಗ ಬಿಚ್ಚಿಹೋಗುತ್ತದೆ. ಹಾಗಾಗಿ ನೆಲದಿಂದ ಅರ್ಧ ಮೀಟರ್ ಏರಿ ಜೋತು ನೋಡಿ, ಜೊತೆಗಾರರು ಕಣ್ಣಾರೆ ನೋಡಿ "ಸರಿ" ಅಂದ ಮೇಲೆ ಮುಂದುವರಿಯಿರಿ. ಇಳಿಯುವಾಗ ನಿಧಾನ. ಸರ್ರನೆ ಜಾರಿದರೆ ಗಂಟಿನ ಎಳೆಗಳು ಕಾದು ಕರಗಿ ಗಾಜಿನಂತೆ ಹೊಳೆಯತೊಡಗುತ್ತವೆ, ಆ ತುಂಡು ಕತ್ತರಿಸಿ ಎಸೆಯಬೇಕಾದ್ದೇ. ಸುಮಾರು 145 ಡಿಗ್ರಿಗೇ ಕರಗುವ ಡೈನೀಮಾ ಎಂಬ ಪ್ಲಾಸ್ಟಿಕ್ ನೂಲಿನ ಹಗ್ಗದಲ್ಲಿ ಜಾರುಗಂಟು ಹಾಕಲೇಬಾರದು.

ಕವಲು ಮುಟ್ಟಿದ ಮೇಲೆ ಅಲ್ಲಿಂದ ಮೇಲಕ್ಕೆ ಹೋಗಬೇಕಾದರೆ ಮೊದಲು ಸೊಂಟದ ಗಿಡ್ಡಹಗ್ಗವನ್ನು ಕಾಂಡಕ್ಕೆ ಸುತ್ತಿ ಕಟ್ಟಿಕೊಂಡು, ಆಮೇಲೆ ಮುಖ್ಯ ಹಗ್ಗ ಬದಲಿಸಿ. ಎರಡರಲ್ಲಿ ಒಂದು ಯಾವಾಗಲೂ ಕಟ್ಟಿಯೇ ಇರಬೇಕು. ಕಾಂಡ ತೋಳಿನಷ್ಟು ಸಣ್ಣಗಾಗುವ ಮೊದಲೇ ನಿಲ್ಲಿ. ತುದಿಯವರೆಗೆ ಹೋಗಬೇಕಾಗಿಲ್ಲ, ಮಡಚುವ ಅಳತೆಗೋಲನ್ನು ಮೇಲಕ್ಕೆ ಚಾಚಿ ಅತಿ ಮೇಲಿನ ಎಲೆಗೆ ಸರಿಹಿಡಿದರೆ ಸಾಕು. ಫೈಬರ್‌ಗ್ಲಾಸ್ ಟೇಪಿನ ತುದಿಗೆ 200-300 ಗ್ರಾಂ ತೂಕ ಕಟ್ಟಿ ಕಾಂಡದ ಪಕ್ಕದಲ್ಲೇ ಇಳಿಬಿಡಿ. ಕೆಳಗಿನವರು ಟೇಪು ಕೊಂಬೆಗೆ ಒರಗಿಲ್ಲ ಎಂದು ನೋಡಿ, ಬಿಗಿಹಿಡಿದು ಬುಡದ ನೆಲಮಟ್ಟದಲ್ಲಿ ಓದಬೇಕು. ಗಾಳಿಗೆ ಟೇಪು ಬಿಲ್ಲಿನಂತೆ ಬಾಗಿದರೆ ಅಳತೆ ಹೆಚ್ಚು ತೋರಿಸುತ್ತದೆ, ಆದ್ದರಿಂದ ಬೆಳಗಿನ ಗಾಳಿಯಿಲ್ಲದ ಹೊತ್ತು ಒಳ್ಳೆಯದು. ಗೋಲಿನ ಉದ್ದ, ಟೇಪಿನ ಓದು, ತಾರೀಖು, ಬುಡದ ಯಾವ ಬದಿಯಿಂದ ಓದಿದ್ದು, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ.

ಒಬ್ಬರೇ ಎಂದೂ ಹತ್ತಬೇಡಿ. ನೆಲದಲ್ಲಿ ಇರುವವರಿಗೂ ಹತ್ತಲು ಬರಬೇಕು, ಅವರ ಬಳಿಯೂ ಒಂದು ಪೂರ್ತಿ ಸೆಟ್ ಇರಬೇಕು. ಪ್ರಜ್ಞೆ ತಪ್ಪಿ ಪಟ್ಟಿಯಲ್ಲಿ ಜೋತಾಡುವವರ ರಕ್ತ ಕಾಲಲ್ಲೇ ನಿಲ್ಲುತ್ತದೆ, ಅಲ್ಲಿ ನಿಮಿಷಗಳ ಲೆಕ್ಕ. ಅಗ್ನಿಶಾಮಕದವರು ಬರುವವರೆಗೆ ಕಾಯುವ ಹಾಗಿಲ್ಲ. ಇಳಿಸುವ ಅಭ್ಯಾಸವನ್ನು ಮೊದಲು ಎರಡು ಮೀಟರ್ ಎತ್ತರದಲ್ಲಿ, ತರಬೇತಿ ಇರುವವರ ಎದುರು ಮಾಡಿ.

ಇಳಿದ ಮೇಲೆ ಹಗ್ಗದ ಗಂಟುಗಳನ್ನೆಲ್ಲ ಬಿಚ್ಚಿ ಎಳೆಯಿರಿ, ಒಂದು ಗಂಟು ಉಳಿದರೂ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದು ಬರಿಗೈಯಲ್ಲಿ ಇಡೀ ಹಗ್ಗವನ್ನು ಬೆರಳ ಸಂದಿನಲ್ಲಿ ಹಾಯಿಸಿ ನೋಡಿ. ಒಳಗೆ ಮೆತ್ತಗೆ ತಗ್ಗಿದ ಜಾಗ, ಗಟ್ಟಿಯಾಗಿ ಬಾಗದ ಜಾಗ, ಕವಚ ಹರಿದು ಬಿಳಿ ಎಳೆ ಕಾಣುವ ಜಾಗ ಸಿಕ್ಕರೆ ಅಲ್ಲಿ ಹಗ್ಗ ಮುಗಿಯಿತು. ಕೊಳೆಯಾಗಿದ್ದರೆ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಾರಿನ ಡಿಕ್ಕಿಯಲ್ಲಿ ಬ್ಯಾಟರಿಯ ಪಕ್ಕ, ತೋಟದ ಮನೆಯಲ್ಲಿ ಔಷಧಿ ಡಬ್ಬಗಳ ಪಕ್ಕ ಇಡಬೇಡಿ. ಆಸಿಡ್‌ನ ಹಬೆ ತಾಗಿ ಬಲ ಕಳೆದುಕೊಂಡ ನೈಲಾನ್ ಹಗ್ಗವೂ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ.